ಹಾಳೆಗೆ ತಾಗಿದ ಚೆಂಡು

ಹೊಸದಾಗಿ ಸೀಟಿ ಹಿಡಿದ ರೆಫ್ರಿಗಳು ನನ್ನನ್ನು ನೋಡಲು ಬಂದರೆ ಮೊದಲು ಕೇಳುವುದು ನಿಯಮದ ಪುಸ್ತಕದ ಬಗ್ಗೆ. ಓದಿ ಮಾರಾಯ್ರೆ, ಬೇಡ ಅನ್ನುವುದಿಲ್ಲ. ಆದರೆ ಪುಸ್ತಕದಲ್ಲಿ ಹದಿನೇಳು ನಿಯಮ ಇದ್ದರೆ ಗದ್ದೆಯಲ್ಲಿ ಎಪ್ಪತ್ತು ಇರುತ್ತವೆ, ಅವನ್ನು ಯಾರೂ ಅಚ್ಚು ಹಾಕಿಸಿಲ್ಲ. ನಾನು ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟ್ರಾಗಿದ್ದವನು. ಸಂಬಳ ಬರುತ್ತಿದ್ದದ್ದು ಡ್ರಿಲ್ಲಿಗೆ. ಬೈಗುಳ ತಿನ್ನಿಸಿದ್ದು, ಮಂಡಿಯ ಚಿಪ್ಪು ಸವೆಸಿದ್ದು, ಈಗಲೂ ನೆನೆಸಿಕೊಂಡರೆ ಕೂತಲ್ಲಿಂದ ಎದ್ದು ನಿಲ್ಲುವ ಹಾಗೆ ಮಾಡುವುದು ಫುಟ್ಬಾಲು. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ಸಿಗಲಿಲ್ಲ ಎಂಬುದನ್ನು ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ನಾನು ಮಾಡಿದ ಒಂದು ದೊಡ್ಡ ತಪ್ಪನ್ನು ಹೇಳುತ್ತೇನೆ. ಕಲಿಯಲು ಅದು ಸಾಕು.

ಮದರಾಸನ್ನು ಬಿಟ್ಟು ನಾವು ಮೈಸೂರು ರಾಜ್ಯಕ್ಕೆ ಸೇರಿದ ಹೊಸದು. ಆಗ ಸುಳ್ಯವೂ ಕಡಬವೂ ಪುತ್ತೂರು ತಾಲೂಕಿನ ಒಳಗೇ. ಊರೂರಿನ ತಂಡಗಳನ್ನು ಸೇರಿಸಿ ಒಂದು ಲೀಗು ನಡೆಯುತ್ತಿತ್ತು, ಅದರಲ್ಲಿ ಎರಡು ಡಿವಿಜನು. ಒಂದನೇ ಡಿವಿಜನಿನವರಿಗೆ ಬನಿಯನ್ ಇತ್ತು, ಕೆಲವರಿಗೆ ಬೂಟು ಕೂಡ ಇತ್ತು. ಎರಡನೆಯದರಲ್ಲಿ ಎಲ್ಲರೂ ಬರಿಗಾಲು, ಮಳೆಗಾಲದ ಏಣೆಲು ಬೆಳೆ ಕೊಯ್ದ ಗದ್ದೆಯೇ ಮೈದಾನ, ಅಡಿಕೆ ಮರದ ಕಂಬಗಳೇ ಗೋಲು. ಗೋಲಿಗೆ ಬಲೆ ಎಂಬ ವಸ್ತುವನ್ನು ನಾವು ಕಂಡದ್ದು ಎಷ್ಟೋ ವರ್ಷಗಳ ಮೇಲೆ. ಹೊಸ ರೆಫ್ರಿಯನ್ನು ಯಾವ ಡಿವಿಜನಿಗೆ ಕಳಿಸುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ.

ಲೀಗಿನ ಕಾರ್ಯದರ್ಶಿ ಮಿಲಿಟರಿಯಿಂದ ನಿವೃತ್ತರಾಗಿ ಬಂದ ಹವಾಲ್ದಾರ್ರು. ನನ್ನ ಗುರುಗಳೂ ಅವರೇ, ನನ್ನ ಪಾಲಿನ ಯಮನೂ ಅವರೇ. ಮೊದಲ ದಿನ ನನ್ನ ಕೈಗೆ ಸೀಟಿ ಕೊಡಲಿಲ್ಲ. ಚೆಂಡನ್ನು ಒದೆಯುತ್ತಾ ಹೋಗುವುದು ಅವರು, ಹಿಂದೆ ಓಡುವುದು ನಾನು. ಹೀಗೆ ಮೂರು ಸಂಜೆ ಓಡಿಸಿದರು.

"ಮಾಸ್ಟ್ರೆ, ಚೆಂಡು ಎಲ್ಲಿ ಉಂಟೋ ಅಲ್ಲಿಂದ ಹತ್ತು ಹೆಜ್ಜೆ ಒಳಗೆ ನೀವು ಇರ್ಬೇಕು. ದೂರ ನಿಂತು ಸೀಟಿ ಊದುದಾದ್ರೆ ಬಸ್ಸಿನ ಕಂಡಕ್ಟ್ರು ಸಾಕು, ನೀವು ಎಂತಕ್ಕೆ?" ಎಂದು ಗದರಿಸಿದರು.

ಆಗಲಿ ಎಂದು ತಲೆಯಾಡಿಸಿದೆ. ತಲೆಯಾಡಿಸುವುದು ಸುಲಭ.

ನನ್ನ ಮೊದಲ ಆಟ ನರಿಮೊಗರಿನಲ್ಲಿ. ಎರಡೂ ತಂಡಕ್ಕೆ ಬನಿಯನ್ ಇಲ್ಲದ್ದರಿಂದ ಒಂದು ತಂಡ ಅಂಗಿ ಹಾಕಿ ಆಡುವುದು, ಇನ್ನೊಂದು ಬರಿ ಮೈಯಲ್ಲಿ ಆಡುವುದು ಎಂದು ನಾನೇ ತೀರ್ಮಾನ ಕೊಟ್ಟೆ. ಭಾರಿ ಬುದ್ಧಿವಂತಿಕೆ ಮಾಡಿದೆ ಎಂದುಕೊಂಡಿದ್ದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಸೆಕೆ ತಡೆಯಲಾರದೆ ಅಂಗಿಯವರೂ ಒಬ್ಬೊಬ್ಬರಾಗಿ ಅಂಗಿ ಬಿಚ್ಚಿ ಗದ್ದೆಯ ಅಂಚುಕಟ್ಟಾದ ಹುಣಿಯ ಮೇಲೆ ಎಸೆದರು. ಗದ್ದೆಯಲ್ಲಿ ಈಗ ಇಪ್ಪತ್ತೆರಡು ಬರಿ ಮೈ! ಯಾರು ಯಾರಿಗೆ ಚೆಂಡು ಕೊಡುತ್ತಿದ್ದಾರೆ ಎಂದು ಅವರಿಗೆ ಗೊತ್ತು, ನೋಡುವವರಿಗೆ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ಆಫ್‌ಸೈಡ್ ಎಂದು ಸೀಟಿ ಊದಿದರೆ, "ಅವ ನಮ್ಮವ ಅಲ್ಲ ಮಾಸ್ಟ್ರೆ, ಅವರ ಬ್ಯಾಕು!" ಎಂದು ಹುಣಿಯ ಮೇಲಿದ್ದವರೆಲ್ಲ ನಕ್ಕರು. ಆಮೇಲೆ ನಾನು ಒಂದು ಕ್ರಮ ತಂದೆ. ಒಂದು ತಂಡ ಮೈ ಒರೆಸುವ ಬೈರಾಸನ್ನು ಸೊಂಟಕ್ಕೆ ಬಿಗಿಯಬೇಕು. ಬೈರಾಸು ಬಿಚ್ಚಿದರೆ ಚಡ್ಡಿ ಜಾರುವ ಹೆದರಿಕೆ ಇದ್ದದ್ದರಿಂದ ಅದನ್ನು ಯಾರೂ ಬಿಚ್ಚಲಿಲ್ಲ.

ಸುಳ್ಯದ ಕಡೆ ಆಡಿಸಲು ಹೋದರೆ ಬೇರೆ ಕಥೆ. ಅಲ್ಲಿನವರು ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಬೈಯುತ್ತಿದ್ದರು. ನನಗೆ ಅರೆಭಾಷೆ ಬರುವುದಿಲ್ಲ ಎಂದು ಅವರ ಎಣಿಕೆ. ನನ್ನ ಹೆಂಡತಿಯ ಊರು ಸುಳ್ಯ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಎಲ್ಲ ಅರ್ಥವಾಗುತ್ತಿತ್ತು, ಏನೂ ಅರ್ಥವಾಗದವನ ಹಾಗೆ ಓಡುತ್ತಿದ್ದೆ. ರೆಫ್ರಿಗೆ ಕಿವಿ ಅಷ್ಟು ಚುರುಕಾಗಿರಬಾರದು ಎಂದು ಆಗಲೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ, ಅದಕ್ಕೇ ಮುಂದಿನದೆಲ್ಲ ನಡೆಯಿತು.

ನನ್ನ ಮೂರನೇ ವರ್ಷ. ಇಚಿಲಂಪಾಡಿಯ ತಂಡ ಎರಡನೇ ಡಿವಿಜನಿನ ಕೊನೆಯಲ್ಲಿ ನೇತಾಡುತ್ತಿತ್ತು. ಕಡೆಯ ಸ್ಥಾನಕ್ಕೆ ಬಿದ್ದವರು ಲೀಗಿನಿಂದಲೇ ಹೊರಗೆ. ಬೇರೆ ಊರಿನವರಿಗೆ ಅದು ಮಾನದ ಪ್ರಶ್ನೆ, ಇಚಿಲಂಪಾಡಿಯವರಿಗೆ ಗದ್ದೆಯ ಪ್ರಶ್ನೆ. ಅವರು ಆಡುತ್ತಿದ್ದದ್ದು ಈಶ್ವರ ಭಟ್ರ ಬೆಟ್ಟುಗದ್ದೆಯಲ್ಲಿ. ಏಣೆಲು ಕೊಯ್ದ ಮೇಲೆ ಅಲ್ಲಿ ಸೌತೆ, ಕುಂಬಳದ ನಟ್ಟಿ ಮಾಡುವುದು ಭಟ್ರ ಮನೆಯ ಕ್ರಮ. ತಂಡದ ನಾಯಕ ಸಂಕಪ್ಪ ಗೌಡ ಹೋಗಿ ಕೈಮುಗಿದು ಕೇಳಿದ್ದಕ್ಕೆ ಅವರು ಒಂದು ಮಾತು ಕೊಟ್ಟಿದ್ದರು.

"ನೋಡು ಸಂಕಪ್ಪ, ಲೀಗಿನಲ್ಲಿ ನೀವು ಇರುವಷ್ಟು ವರ್ಷ ಗದ್ದೆ ನಿಮಗೆ. ಲೀಗಿನಿಂದ ಬಿದ್ರಿ ಅಂತಾದ್ರೆ ಮಾರನೇ ದಿನವೇ ನಾನು ನೇಗಿಲಿಗೆ ಎತ್ತು ಕಟ್ಟಿಸ್ತೇನೆ. ಸುಮ್ಮನೆ ಕುಣಿಲಿಕ್ಕೆ ಗದ್ದೆ ಬೀಳು ಬಿಡ್ಲಿಕ್ಕೆ ಆಗುದಿಲ್ಲ."

ಭಟ್ರ ಮಾತಿನಲ್ಲಿ ತಪ್ಪಿಲ್ಲ. ಗುಡ್ಡ, ತೋಡು, ತೋಟಗಳ ಆ ಊರಿನಲ್ಲಿ ಅಷ್ಟು ಅಗಲದ ಸಪಾಟು ಜಾಗ ಬೇರೆ ಇರಲಿಲ್ಲ. ಗದ್ದೆ ಹೋದರೆ ತಂಡವೂ ಹೋದ ಹಾಗೆ. ಕಡೆಯ ಆಟ ಆಲಂಕಾರಿನ ಮೇಲೆ, ಆಲಂಕಾರಿನಲ್ಲೇ. ಸಮ ಮಾಡಿಕೊಂಡರೆ ಇಚಿಲಂಪಾಡಿ ಉಳಿಯುತ್ತದೆ, ಸೋತರೆ ಹೊರಗೆ. ರೆಫ್ರಿ ನಾನು.

ಅಬ್ಬಾ, ಆ ದಿನ ಇಚಿಲಂಪಾಡಿಯವರು ಆಡಿದ ಆಟವೇ! ಗೋಲು ಕಾಯುವ ಗೋಲಿ ಸಂಕಪ್ಪನೇ. ಅವನ ಮುಂದೆ ಬ್ಯಾಕು ನಿಂತವನು ಬಾಬು, ಅಡಿಕೆ ಕೊಯ್ಯುವ ಕೆಲಸದವನು. ಒಂದು ಕಾಲದಲ್ಲಿ ನನ್ನ ಡ್ರಿಲ್ ಕ್ಲಾಸಿನಲ್ಲಿ ನಿಂತವನು ಕೂಡ. ಬರಿಗಾಲಿನ ಆಟವಾದ್ದರಿಂದ ಮೊಣಕಾಲಿನ ಕೆಳಗೆ ಪೆಟ್ಟಾಗದ ಹಾಗೆ ಅವನು ಒಣಗಿದ ಅಡಿಕೆ ಹಾಳೆಯನ್ನು ಕತ್ತರಿಸಿ ಬಾಳೆನಾರಿನಿಂದ ಬಿಗಿಯುತ್ತಿದ್ದ. ಆ ಕಡೆಯ ಅರ್ಧ ಜನ ಹಾಗೆಯೇ ಮಾಡುತ್ತಿದ್ದರು, ಅದಕ್ಕೆ ನಮ್ಮ ಆಕ್ಷೇಪ ಇರಲಿಲ್ಲ. ಆಲಂಕಾರಿನ ನಾಯಕ ಅದ್ರಾಮ, ಪೇಟೆಯಲ್ಲಿ ಜೀನಸಿನ ಅಂಗಡಿ ಇಟ್ಟವನು, ಕಾಲಿನಲ್ಲಿ ಗುಂಡು ಇಟ್ಟುಕೊಂಡವನ ಹಾಗೆ ಒದೆಯುತ್ತಿದ್ದ. ಅವನು ಒದ್ದದ್ದನ್ನೆಲ್ಲ ಈ ಇಬ್ಬರು ತಡೆದರು. ಇನ್ನು ಐದೇ ನಿಮಿಷ, ಆಟ ಸೊನ್ನೆ ಸೊನ್ನೆ.

ನಾನು ಸೋತಿದ್ದೆ. ಸುಳ್ಳು ಯಾಕೆ ಹೇಳಲಿ, ಗದ್ದೆಯ ನಡುವೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದೆ. ಆ ತುದಿಯಲ್ಲಿ ಗೋಲಿನ ಮುಂದೆ ಹತ್ತು ಹನ್ನೆರಡು ಮಂದಿಯ ಗುಂಪು, ಅದರೊಳಗೆ ಅದ್ರಾಮ ಒದ್ದ ಚೆಂಡು. ಏನೂ ಕಾಣಲಿಲ್ಲ. ಕೇಳಿದ್ದು ಮಾತ್ರ 'ಫಟ್' ಎಂಬ ಸದ್ದು. ಅಂಗೈಯಿಂದ ಹೊಡೆದರೆ ಬರುವ ಸದ್ದು ಅದು ಎಂದು ನನ್ನ ಕಿವಿ ಹೇಳಿತು. ಚೆಂಡು ಬಾಬುವಿನ ಬಳಿಯಿಂದ ಪುಟಿದು ಬಂತು. ಸೀಟಿ ಊದಿ, "ಹ್ಯಾಂಡ್! ಪೆನಾಲ್ಟಿ!" ಎಂದು ಕೈ ತೋರಿಸಿದೆ.

ಬಾಬು ನನ್ನ ಮುಖ ನೋಡಿದ. ಬಾಯಿ ತೆರೆಯಲಿಲ್ಲ. ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ಆ ತಗ್ಗಿದ ತಲೆಯನ್ನು ನಾನು ತಪ್ಪೊಪ್ಪಿಗೆ ಎಂದುಕೊಂಡೆ. ಅದ್ರಾಮ ಒದ್ದ, ಗೋಲಾಯಿತು, ಆಟ ಮುಗಿಯಿತು. ಇಚಿಲಂಪಾಡಿಯವರು ಗದ್ದೆಯಲ್ಲೇ ಕೂತುಬಿಟ್ಟರು. ಸಂಕಪ್ಪ ಕಂಬ ಹಿಡಿದುಕೊಂಡು ಅತ್ತ.

ಅಂಗಿ ಹಾಕಿಕೊಳ್ಳಲು ಹುಣಿಯ ಬಳಿ ಹೋದರೆ ಬಾಬು ಅಲ್ಲಿ ಕೂತು ಕಾಲಿನ ನಾರು ಬಿಚ್ಚುತ್ತಿದ್ದ. ಹಾಳೆ ಉದ್ದಕ್ಕೆ ಸೀಳಿಹೋಗಿತ್ತು. ಅದರ ಮೇಲೆ ಮಣ್ಣಿನ ಉರುಟು ಗುರುತು, ನಡುವೆ ಆಗಿನ ಚೆಂಡಿನ ಬಾಯಿ ಬಿಗಿಯುತ್ತಿದ್ದ ಲೇಸಿನ ಅಚ್ಚು ಕೂಡ ಸರಿಯಾಗಿ ಮೂಡಿತ್ತು. ಅಂಗಿ ಬಿಟ್ಟು ಅವನ ಎದುರು ಕುಕ್ಕರಿಸಿದೆ.

"ಬಾಬು, ಚೆಂಡು ತಾಗಿದ್ದು ಎಲ್ಲಿಗೆ?"

"ಹಾಳೆಗೆ, ಮಾಸ್ಟ್ರೆ."

"ಮತ್ತೆ ಆಗ ಎಂತಕ್ಕೆ ಹೇಳಲಿಲ್ಲ ಮಾರಾಯಾ?"

"ನೀವು ಕೈ ಅಂತ ಹೇಳಿ ಆದ ಮೇಲೆ ನಾನು ಎಂತ ಹೇಳುದು? ಮಾಸ್ಟ್ರಿಗೆ ಎದುರು ಮಾತಾಡ್ಲಿಕ್ಕೆ ಆಗ್ತದಾ?"

ಯಾರಾದರೂ ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಆದರೂ ನನ್ನ ಕಿವಿ ಸರಿ ಇದ್ದೀತು ಎಂಬ ಕೊನೆಯ ಆಸೆಯಿಂದ, ಅವನ ಇನ್ನೊಂದು ಕಾಲಿನ ಹಾಳೆಯನ್ನು ಕಂಬಕ್ಕೆ ಒತ್ತಿ ಹಿಡಿಸಿ ನಾನೇ ಚೆಂಡು ಒದ್ದೆ. 'ಫಟ್!' ಅದೇ ಸದ್ದು. ಅಂಗೈಯದೇ ಸದ್ದು!

"ಇನ್ನೊಂದು ಸಲ ನಾನು ತಪ್ಪಿದ್ರೆ ಬಾಯಿ ಬಿಟ್ಟು ಹೇಳ್ಬೇಕು. ಗದ್ದೆಯಲ್ಲಿ ನಾನು ನಿನ್ನ ಮಾಸ್ಟ್ರಲ್ಲ, ರೆಫ್ರಿ," ಎಂದೆ. ಅವನು ಎಂದಿನಂತೆ ತಲೆಯಾಡಿಸಿದ.

ಮಾರನೇ ಬೆಳಿಗ್ಗೆ ಶಾಲೆಗೂ ಮೊದಲು ಹವಾಲ್ದಾರ್ರ ಮನೆ. ಅವರು ಗಡ್ಡ ಹೆರೆಯುತ್ತಿದ್ದರು. ನಾನು ಎಲ್ಲ ಹೇಳಿದೆ. ಕತ್ತಿಯನ್ನು ಗಲ್ಲದ ಮೇಲೆ ಇಟ್ಟುಕೊಂಡೇ ಕನ್ನಡಿಯಲ್ಲಿ ನನ್ನನ್ನು ದಿಟ್ಟಿಸಿದರು.

"ನೀವು ಎಷ್ಟು ದೂರ ಇದ್ರಿ?"

"ನಡು ಗದ್ದೆಯಲ್ಲಿ."

"ನಾನು ಎಂತ ಹೇಳಿದ್ದೆ?"

"ಹತ್ತು ಹೆಜ್ಜೆ."

ಆಮೇಲೆ ಅವರು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಮಿಲಿಟರಿಯ ಬೈಗುಳ ಅದು, ಹಿಂದಿಯಲ್ಲಿತ್ತು. ಎಲ್ಲ ಮುಗಿಸಿ ಮುಖ ತೊಳೆದು, ರೆಫ್ರಿ ಕೊಟ್ಟ ತೀರ್ಪು ತೀರ್ಪೇ, ಪುಸ್ತಕದಲ್ಲಿ ಹಾಗೆಯೇ ಉಂಟು ಎಂದರು. ನಾನು ಅಲ್ಲಿಂದ ಏಳಲಿಲ್ಲ. ಆ ಜನರ ಗದ್ದೆ ಹೋಗುತ್ತದೆ, ಅದು ನನ್ನಿಂದ ಹೋಗುತ್ತದೆ, ಹಾಗಾದರೆ ನನಗೆ ಈ ಸೀಟಿ ಬೇಡ ಎಂದು ಮೇಜಿನ ಮೇಲೆ ಇಟ್ಟೆ. ಅವರು ಮುಖ ಒರೆಸಿ ಬೈರಾಸನ್ನು ಹೆಗಲಿಗೆ ಹಾಕಿಕೊಂಡರು.

"ಆಲಂಕಾರಿನ ಅದ್ರಾಮ ಒಪ್ಪಿದ್ರೆ ಇನ್ನೊಮ್ಮೆ ಆಡಿಸುವ, ಇಚಿಲಂಪಾಡಿಯಲ್ಲೇ ಆಗ್ಲಿ. ಅವ ಒಪ್ಪದಿದ್ರೆ ಮುಗೀತು. ಮತ್ತೆ ಒಂದು ಮಾತು, ರೆಫ್ರಿ ನೀವೇ. ತಪ್ಪಿದವನೇ ಹೋಗಿ ನಿಲ್ಬೇಕು."

"ಬೇಡ ಹವಾಲ್ದಾರ್ರೆ, ಬೇರೆಯವರನ್ನು..."

"ಸೀಟಿ ತಕೊಳ್ಳಿ."

ತೆಗೆದುಕೊಂಡೆ. ಶಾಲೆ ಬಿಟ್ಟ ಮೇಲೆ ಸೈಕಲ್ ತುಳಿದು, ಹೊಳೆ ದಾಟಿ, ಆಲಂಕಾರಿಗೆ ಹೋದೆ. ಅದ್ರಾಮ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದ. ನಾನು ವಿಷಯ ಹೇಳುತ್ತಿದ್ದ ಹಾಗೆ ತಕ್ಕಡಿ ಕೆಳಗಿಟ್ಟ.

"ನನಗೆ ಗೊತ್ತುಂಟು ಮಾಸ್ಟ್ರೆ. ಒದ್ದವ ನಾನೇ ಅಲ್ವಾ? ಹಾಳೆಗೇ ತಾಗಿದ್ದು. ನೀವು ಪೆನಾಲ್ಟಿ ಕೊಟ್ರಿ, ನಾನು ಒದ್ದೆ. ಕೊಟ್ಟದ್ದನ್ನು ಒದೆಯದೆ ಎಂತ ಮಾಡುದು?"

"ಇನ್ನೊಮ್ಮೆ ಆಡ್ತೀರಾ?"

"ಬರುವ, ಅದಕ್ಕೆಂತ? ಆದ್ರೆ ಪಾಪ ಅಂತ ಬಿಟ್ಟುಕೊಡುದಿಲ್ಲ, ಈಗಲೇ ಹೇಳ್ತೇನೆ. ನಾವು ಗೆಲ್ಲಿಕ್ಕೇ ಬರುದು."

ನನಗೆ ಅವನನ್ನು ಅಪ್ಪಿಕೊಳ್ಳಬೇಕು ಎನಿಸಿತು. ನಡುವೆ ಬೆಲ್ಲದ ಡಬ್ಬ ಇತ್ತು.

ಇಚಿಲಂಪಾಡಿಗೆ ಸುದ್ದಿ ಮುಟ್ಟುವ ಮೊದಲೇ ಭಟ್ರು ಮಾತಿಗೆ ತಪ್ಪದೆ ಎತ್ತು ಕಟ್ಟಿಸಿಯಾಗಿತ್ತು. ಒಂದು ಗೋಲಿನ ಎದುರು ನಾಲ್ಕು ಸಾಲು ಉತ್ತಿದ್ದರು. ಆದಿತ್ಯವಾರ ಮತ್ತೆ ಆಟ ಎಂದು ತಿಳಿದದ್ದೇ ಸಂಕಪ್ಪ ಓಡಿಹೋಗಿ ನೇಗಿಲಿನ ಮುಂದೆ ನಿಂತನಂತೆ. ಭಟ್ರು ಎತ್ತು ನಿಲ್ಲಿಸಿ ಹೇಳಿದ್ದು ಇಷ್ಟು: "ಆದಿತ್ಯವಾರ ಸಾಯಂಕಾಲದ ವರೆಗೆ ನಿಲ್ಲಿಸ್ತೇನೆ. ಸೋತ್ರೆ ಅಲ್ಲಿಂದಲೇ ಮುಂದುವರಿಸುದು." ಊರಿನವರು ಉತ್ತ ಸಾಲುಗಳಿಗೆ ನೀರು ಹಾಕಿ, ತುಳಿದು, ಹಲಗೆಯಿಂದ ಬಡಿದು ಮಟ್ಟ ಮಾಡಿದರು. ಮಾಡಿದರೂ ಆ ಜಾಗ ಮೆತ್ತಗೇ ಉಳಿಯಿತು.

ಆದಿತ್ಯವಾರ ಗದ್ದೆಯ ಸುತ್ತಲೂ ಜನವೋ ಜನ. ಹುಣಿಯ ಮೇಲೆ ಕೊಡೆ ಬಿಡಿಸಿ ಭಟ್ರು, ಅವರ ಹಿಂದೆ ನೊಗ ಹೊತ್ತ ಎತ್ತುಗಳು, ಇನ್ನೊಂದು ಬದಿಯಲ್ಲಿ ಕೈಕಟ್ಟಿ ಹವಾಲ್ದಾರ್ರು. ಇಚಿಲಂಪಾಡಿ ಉಳಿಯಬೇಕು ಎಂದು ನನ್ನ ಮನಸ್ಸು ಒಂದೇ ಸಮನೆ ಬೇಡುತ್ತಿತ್ತು. ರೆಫ್ರಿಯ ಮನಸ್ಸಿನಲ್ಲಿ ಅಂಥದು ಇರಬಾರದು, ಆದರೆ ಇತ್ತು. ಅದಕ್ಕೇ ಹೆದರಿಕೆ. ನನಗೆ ಬೇಕಾದದ್ದನ್ನೇ ನನ್ನ ಕಣ್ಣು ತೋರಿಸಿದರೆ?

ಓಡಿದೆ ನೋಡಿ ಆ ದಿನ! ಚೆಂಡು ಹೋದಲ್ಲೆಲ್ಲ ಹೋದೆ. ಹತ್ತು ಹೆಜ್ಜೆ ಅಲ್ಲ, ಐದು ಹೆಜ್ಜೆಯ ಒಳಗೆ. ಒಮ್ಮೆ ಚೆಂಡು ನನ್ನ ಬೆನ್ನಿಗೇ ಬಿತ್ತು. ಅದ್ರಾಮ ಹೇಳಿದ ಹಾಗೆಯೇ ಆಡಿದ, ಒಂದು ಒದೆತದಲ್ಲೂ ಕನಿಕರ ಇರಲಿಲ್ಲ. ಸಂಕಪ್ಪ ಹಾರಿದ, ಬಿದ್ದ, ಎದ್ದ. ಆಟ ಸೊನ್ನೆ ಸೊನ್ನೆಯಲ್ಲೇ ಎಳೆಯಿತು. ವಾಚು ನೋಡಿದರೆ ಇನ್ನೂ ಮೂರು ನಿಮಿಷ.

"ಮುಗೀಲಿಲ್ವಾ ಮಾಸ್ಟ್ರೆ?" ಎಂದು ಸಂಕಪ್ಪ ಕೂಗಿದ.

"ಇಲ್ಲ!" ಎಂದೆ. ಸೀಟಿ ಬಾಯಲ್ಲೇ ಇತ್ತು, ಒಮ್ಮೆ ಊದಿದರೆ ಎಲ್ಲ ಸುಖ. ಊದಲಿಲ್ಲ.

ಆಗ ಅದ್ರಾಮ ಬಾಬುವನ್ನು ತಪ್ಪಿಸಿ ಒಳಗೆ ನುಗ್ಗಿ ಒದ್ದ. ಸಂಕಪ್ಪ ಮೈಚಾಚಿ ಹಾರಿದ, ಬೆರಳ ತುದಿ ತಾಗಿತು, ಚೆಂಡಿನ ವೇಗ ಸತ್ತಿತು. ಆದರೆ ನಿಲ್ಲಲಿಲ್ಲ. ಬಿದ್ದ ಸಂಕಪ್ಪನ ಪಕ್ಕದಿಂದ ಮೆಲ್ಲ ಮೆಲ್ಲ ಗೋಲಿನ ಕಡೆ ಉರುಳಿತು. ಅಯ್ಯೋ ದೇವರೇ, ಆ ಉರುಳುವಿಕೆ! ಉತ್ತ ಸಾಲಿನ ಮೆತ್ತನೆಯ ಮಣ್ಣಿಗೆ ಬಂದು, ಒಂದು ತಗ್ಗಿಗೆ ಇಳಿದು, ಕಂಬಗಳ ನಡುವೆ ನಿಂತುಬಿಟ್ಟಿತು. ಅಲ್ಲಿ ಎಳೆದಿದ್ದ ಸುಣ್ಣದ ಗೆರೆ ಕಾಲಿಗೆ ಸಿಕ್ಕಿ ಅಳಿಸಿಹೋಗಿತ್ತು. ನಾನು ಚೆಂಡಿನಿಂದ ಮೂರು ಮಾರು ದೂರದಲ್ಲಿದ್ದೆ. ದಾಟಿಲ್ಲ ಎಂದು ಕಣ್ಣು ಹೇಳಿತು. ಹೇಳುವುದು ಕಣ್ಣೋ, ಆಸೆಯೋ? ಸಂಕಪ್ಪ ಮಲಗಿದ್ದಲ್ಲಿಂದಲೇ ಕೈ ಚಾಚುತ್ತಿದ್ದ.

ಸೀಟಿ ಊದಿ ಗಂಟಲು ಹರಿಯುವ ಹಾಗೆ ಕೂಗಿದೆ, "ಮುಟ್ಟಬೇಡ ಸಂಕಪ್ಪ! ಯಾರೂ ಮುಟ್ಟಬೇಡಿ!"

ಅವನ ಕೈ ಗಾಳಿಯಲ್ಲೇ ನಿಂತಿತು. ಒಂದು ಗೇಣು ಮುಂದೆ ಚಾಚಿದ್ದರೆ ಚೆಂಡು ಅವನ ಎದೆಯಲ್ಲಿ ಇರುತ್ತಿತ್ತು, ಮತ್ತೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೂ ಅವನು ಕೈ ಹಿಂದಕ್ಕೆ ಎಳೆದುಕೊಂಡ. ಹೊಸಬರೇ, ನಾನು ಮಾಡಿದ್ದು ಯಾವ ಪುಸ್ತಕದಲ್ಲೂ ಇಲ್ಲ, ನೀವು ಇದನ್ನು ಮಾಡಬೇಡಿ. ಆದರೆ ಅವತ್ತು ನನಗೆ ನನ್ನ ಕಣ್ಣಿನ ಮೇಲೆ ನಂಬಿಕೆ ಇರಲಿಲ್ಲ.

"ಒಂದು ಹುರಿ ಬೇಕು!" ಎಂದೆ.

ಅಲ್ಲಿದ್ದವರೆಲ್ಲ ತೋಟದ ಜನ. ಸಸಿ ನೆಡುವಾಗ ಸಾಲು ನೆಟ್ಟಗಿರಲೆಂದು ಹುರಿ ಎಳೆದು ನೋಡುವುದು ಅವರ ನಿತ್ಯದ ಕೆಲಸ. ಯಾರಿಗೂ ಏನನ್ನೂ ವಿವರಿಸಬೇಕಾಗಲಿಲ್ಲ. ಭಟ್ರೇ ಎದ್ದು ನೇಗಿಲಿನ ಬಳಿ ಇದ್ದ ಹುರಿಯ ಸುರುಳಿಯನ್ನು ಗದ್ದೆಗೆ ಎಸೆದರು.

"ಒಂದು ತುದಿ ನಾನೇ ಹಿಡಿಯುದು," ಎಂದ ಅದ್ರಾಮ. "ಇನ್ನೊಂದು ಸಂಕಪ್ಪ ಹಿಡೀಲಿ."

ಇಬ್ಬರೂ ಮಣ್ಣಿಗೆ ಮಂಡಿಯೂರಿ, ಎರಡು ಕಂಬಗಳ ಹಿಂದಿನ ಅಂಚಿಗೆ ಹುರಿ ಒತ್ತಿ ಹಿಡಿದರು. ಗೋಲು ಎನ್ನಲು ಚೆಂಡು ಪೂರ್ತಿ ಗೆರೆ ದಾಟಬೇಕು; ದಾಟಿದ್ದರೆ ಹುರಿ ಅದರ ಮುಂದೆ ನೆಟ್ಟಗೆ ನಿಲ್ಲಬೇಕು. ಎಳೆಯಿರಿ ಎಂದೆ. ಎಳೆದರು. ಹುರಿ ಚೆಂಡಿನ ಹೊಟ್ಟೆಗೆ ತಾಗಿ ಬಾಗಿತು. ಇನ್ನಷ್ಟು ಬಿಗಿಯಿರಿ ಎಂದೆ. ಆಗಲೂ ಬಾಗಿಯೇ ಇತ್ತು.

ನಾನು ಬಾಯಿ ತೆರೆಯುವ ಮೊದಲೇ ಅದ್ರಾಮ ಕೆನ್ನೆಯನ್ನು ನೆಲಕ್ಕೆ ಹಚ್ಚಿ ಒಂದೇ ಕಣ್ಣಿನಲ್ಲಿ ನೋಡಿದ. ಎದ್ದು ಮಣ್ಣು ಒರೆಸಿಕೊಂಡು ತನ್ನವರ ಕಡೆ ತಿರುಗಿ, "ಗೋಲ್ ಅಲ್ಲ," ಎಂದ.

ಗದ್ದೆಯ ಸುತ್ತ ಎದ್ದ ಬೊಬ್ಬೆಗೆ ಎತ್ತುಗಳು ಬೆದರಿದವು. ಆದರೆ ಆಟ ಮುಗಿದಿರಲಿಲ್ಲ! ನಿಲ್ಲಿಸಿದವನು ನಾನು, ನಿಲ್ಲಿಸಿದ್ದಲ್ಲೇ ಚೆಂಡನ್ನು ನೆಲಕ್ಕೆ ಹಾಕಿ ಸುರು ಮಾಡಬೇಕು. ಗೋಲಿನ ಬಾಯಲ್ಲಿ! ಹಾಕಿದೆ. ಇಪ್ಪತ್ತು ಕಾಲು ಒಟ್ಟಿಗೆ ಬಿದ್ದವು. ಮಣ್ಣಿನ ರಾಶಿ ಎದ್ದಿತು. ಅದರ ನಡುವಿನಿಂದ ಬಾಬುವಿನ ಕಾಲು ತಾಗಿ ಚೆಂಡು ಭಟ್ರ ಕೊಡೆಯ ಮೇಲಿಂದ ಹಾರಿ ತೋಡಿನ ನೀರಿಗೆ ಹೋಯಿತು. ತಂದರು, ಒಳಗೆ ಎಸೆದರು, ಮತ್ತೆ ಒದ್ದರು. ನಾನು ವಾಚಿನ ಮುಳ್ಳನ್ನೇ ನೋಡುತ್ತಿದ್ದೆ. ಅದು ಬರಬೇಕಾದಲ್ಲಿಗೆ ಬಂತು, ಉಸಿರೆಲ್ಲ ಹಾಕಿ ಊದಿದೆ.

ಏನು ಕುಣಿತ, ಏನು ಅಪ್ಪುಗೆ! ಭಟ್ರು ಕೊಡೆ ಮಡಚಿ, "ಎತ್ತು ಬಿಚ್ಚು ಮಾರಾಯಾ," ಎಂದು ಕೆಲಸದವನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಆ ಸಲದ ಸೌತೆ ನಟ್ಟಿ ಭಟ್ರ ಕೈಬಿಟ್ಟಿತು, ಆದರೂ ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಹವಾಲ್ದಾರ್ರು ಹತ್ತಿರ ಬಂದು, ಹುರಿಯ ವಿಷಯ ರಿಪೋರ್ಟಿನಲ್ಲಿ ಬರೆಯಬೇಡಿ ಎಂದಷ್ಟೇ ಹೇಳಿ ಹೋದರು. ಹುಣಿಯ ಮೇಲೆ ಕೂತವನಿಗೆ ಅಳು ತಡೆಯಲಾಗಲಿಲ್ಲ, ಮುಚ್ಚಿಡಲೂ ಹೋಗಲಿಲ್ಲ.

ಆ ಗಲಾಟೆಯ ನಡುವಿನಿಂದ ಬಾಬು ಬಂದ. ಕಾಲಿನ ಹಾಳೆ ಅರ್ಧ ಬಿಚ್ಚಿ ನೇತಾಡುತ್ತಿತ್ತು. ಸಂತೋಷ ಹಂಚಿಕೊಳ್ಳಲು ಬಂದನೆಂದು ನಾನು ಕೈ ಚಾಚಿದೆ. ಅವನು ಕೈ ಹಿಡಿಯಲಿಲ್ಲ. ಎರಡು ಸಲ ಗಂಟಲು ಸರಿಮಾಡಿಕೊಂಡ.

"ಮಾಸ್ಟ್ರೆ, ಒಂದು ಮಾತು ಹೇಳ್ಲಿಕ್ಕೆ ಉಂಟು."

"ಹೇಳು ಬಾಬು."

"ಮೊದಲಿನ ಅರ್ಧದಲ್ಲಿ ನಮಗೆ ಒಂದು ಕಾರ್ನರ್ ಬರ್ಬೇಕಿತ್ತು. ಅವರ ಕಾಲಿಗೇ ತಾಗಿ ಹೊರಗೆ ಹೋದದ್ದು. ನೀವು ಕೊಡ್ಲಿಲ್ಲ. ಅದು ನಿಮ್ಮ ತಪ್ಪು."

ಅಷ್ಟು ಹೇಳುವಷ್ಟರಲ್ಲಿ ಅವನ ಹಣೆ ಬೆವತಿತ್ತು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಂಥ ಸಂತೋಷ ನನಗೆ ಇನ್ನೊಮ್ಮೆ ಆದದ್ದಿಲ್ಲ. ಎದ್ದು ನಿಂತು, "ಹೌದು ಬಾಬು, ನನ್ನದೇ ತಪ್ಪು," ಎಂದೆ.